ಆಕಾಶದ ಹಂಚಿಕೆ: ಭಾರತದ ತರಂಗಾಂತರ ನೀತಿ ನಡೆದುಬಂದ ದಾರಿ

ಮೊಬೈಲ್ ಫೋನು, ವೈಫೈ, ಎಫ್‌ಎಂ ರೇಡಿಯೊ, ಚಾವಣಿ ಮೇಲಿನ ಡಿಶ್ ಆಂಟೆನಾ, ವಿಮಾನ ನಿಲ್ದಾಣದ ರೇಡಾರ್, ವಾತಾವರಣದ ತೇವ ಅಳೆಯುವ ಉಪಗ್ರಹ ಎಲ್ಲವೂ ಒಂದೇ ಸಂಪನ್ಮೂಲವನ್ನು ಹಂಚಿಕೊಂಡು ಕೆಲಸ ಮಾಡುತ್ತವೆ. ಅದು ರೇಡಿಯೊ ತರಂಗಾಂತರ. ಅಲೆಯೊಂದು ಸೆಕೆಂಡಿಗೆ ಹತ್ತು ಲಕ್ಷ ಸಲ ಕಂಪಿಸಿದರೆ ಅದರ ಆವರ್ತನ ಒಂದು ಮೆಗಾಹರ್ಟ್ಸ್; ನೂರು ಕೋಟಿ ಸಲ ಕಂಪಿಸಿದರೆ ಒಂದು ಗಿಗಾಹರ್ಟ್ಸ್. 3,000 ಗಿಗಾಹರ್ಟ್ಸ್‌ಗಿಂತ ಕೆಳಗಿನ ಆವರ್ತನಗಳನ್ನೆಲ್ಲ ಅಂತರರಾಷ್ಟ್ರೀಯ ನಿಯಮಗಳು ರೇಡಿಯೊ ಅಲೆಗಳೆಂದು ಗುರುತಿಸುತ್ತವೆ. ಕೇಳಲು ಇದು ದೊಡ್ಡ ಬಯಲು. ಆದರೆ ಅಗ್ಗದ ಸಾಧನಗಳಿಗೆ ಒಗ್ಗುವ, ಗೋಡೆ ದಾಟುವ, ಹಲವು ಕಿಲೋಮೀಟರು ಸಾಗುವ ಭಾಗ ಅದರಲ್ಲಿ ಚಿಕ್ಕದು. ಎಲ್ಲರ ಕಣ್ಣೂ ಅದರ ಮೇಲೆಯೇ.

ಆವರ್ತನ ಕಡಿಮೆಯಿದ್ದಷ್ಟೂ ಅಲೆ ಉದ್ದ, ಅದು ಸಾಗುವ ದೂರವೂ ಹೆಚ್ಚು. 700 ಮೆಗಾಹರ್ಟ್ಸ್‌ನ ಅಲೆಯ ಉದ್ದ ಸುಮಾರು 43 ಸೆಂಟಿಮೀಟರ್. ಮರ, ಗೋಡೆ, ಮಳೆ ಅದನ್ನು ಅಷ್ಟಾಗಿ ತಡೆಯವು. ಒಂದೇ ಗೋಪುರ ಹಲವು ಹಳ್ಳಿಗಳನ್ನು ಮುಟ್ಟಬಲ್ಲದು. 26 ಗಿಗಾಹರ್ಟ್ಸ್‌ನ ಅಲೆ ಒಂದು ಸೆಂಟಿಮೀಟರಿಗಿಂತ ಸ್ವಲ್ಪವೇ ಉದ್ದ. ಒಂದು ಗೋಡೆ ಎದುರಾದರೂ ಸಾಕು, ಸೋತುಹೋಗುತ್ತದೆ. ಆದರೆ ಆ ಎತ್ತರದಲ್ಲಿ ಜಾಗ ಧಾರಾಳವಾಗಿದೆ, ಆದ್ದರಿಂದ ಒಂದೇ ಕ್ಷಣದಲ್ಲಿ ಅಪಾರ ಮಾಹಿತಿ ಸಾಗಿಸಬಹುದು. ಕೆಳಗಿನ ಪಟ್ಟಿ ದೂರಕ್ಕೆ, ಮೇಲಿನ ಪಟ್ಟಿ ವೇಗಕ್ಕೆ, ನಡುವಿನದು ಎರಡಕ್ಕೂ ಅಷ್ಟಷ್ಟು. ತರಂಗಾಂತರದ ಬೆಲೆ, ಜಗಳ, ನೀತಿ ಮೂರೂ ಈ ಭೌತಿಕ ಸತ್ಯದ ಸುತ್ತಲೇ ತಿರುಗುತ್ತವೆ.

ಇನ್ನೊಂದು ಗುಣ ಇದನ್ನು ಕಲ್ಲಿದ್ದಲು, ಕಬ್ಬಿಣದ ಅದಿರಿನಂಥ ಸಂಪತ್ತಿನಿಂದ ಬೇರೆಯಾಗಿಸುತ್ತದೆ. ಅದಿರನ್ನು ಇಂದು ತೆಗೆಯದಿದ್ದರೆ ನಾಳೆಗೆ ಉಳಿಯುತ್ತದೆ. ತರಂಗಾಂತರ ಬಳಸಿದರೆ ಸವೆಯುವುದಿಲ್ಲ, ಬಳಸದಿದ್ದರೆ ಉಳಿಯುವುದೂ ಇಲ್ಲ. ಕಾಲುವೆಯಲ್ಲಿ ತನ್ನ ಸರದಿಯ ನೀರನ್ನು ಗದ್ದೆಗೆ ತಿರುಗಿಸಿಕೊಳ್ಳದ ರೈತನ ಪಾಲು ಹೇಗೆ ಹರಿದುಹೋಗುತ್ತದೋ ಹಾಗೆಯೇ ಒಂದು ಪಟ್ಟಿ ಖಾಲಿ ಬಿದ್ದಿದ್ದ ವರ್ಷವೂ ಮರಳಿ ಬಾರದಂತೆ ಹೋಗುತ್ತದೆ. ಭಾರತದ ತರಂಗಾಂತರ ನೀತಿಯನ್ನು ಅಳೆಯಬೇಕಾದದ್ದು ಈ ಅಳತೆಗೋಲಿನಿಂದ. ಖಜಾನೆಗೆ ಎಷ್ಟು ಬಂತು ಎಂಬ ಪ್ರಶ್ನೆ ಪತ್ರಿಕೆಗಳ ಮುಖಪುಟವನ್ನು ಆಳಿದೆ. ಎಷ್ಟು ಜನ ಬಳಸಿದರು ಎಂಬ ಪ್ರಶ್ನೆ ಒಳಪುಟದಲ್ಲಿ ಉಳಿದಿದೆ.

ಸರ್ಕಾರಗಳು ಈ ಕ್ಷೇತ್ರಕ್ಕೆ ಬಂದದ್ದು ಗದ್ದಲ ತಡೆಯಲು. ಒಂದೇ ಜಾಗದಲ್ಲಿ, ಒಂದೇ ಆವರ್ತನದಲ್ಲಿ, ಒಂದೇ ಹೊತ್ತಿಗೆ ಇಬ್ಬರು ಪ್ರಸಾರ ಮಾಡಿದರೆ ಇಬ್ಬರ ಮಾತೂ ಕೇಳಿಸದು. 1912ರಲ್ಲಿ ಟೈಟಾನಿಕ್ ಮುಳುಗಿದ ನಂತರ ಅಮೆರಿಕ ಅದೇ ವರ್ಷ ರೇಡಿಯೊ ಕಾಯ್ದೆ ತಂದು ಪ್ರಸಾರಕ್ಕೆ ಪರವಾನಗಿ ಕಡ್ಡಾಯ ಮಾಡಿತು. ಅಲೆಗಳಿಗೆ ಗಡಿ ಗೊತ್ತಿಲ್ಲವಾದ್ದರಿಂದ ದೇಶಗಳ ನಡುವೆಯೂ ಒಪ್ಪಂದ ಬೇಕಾಯಿತು. 1865ರಲ್ಲಿ ಪ್ಯಾರಿಸ್‌ನಲ್ಲಿ ತಂತಿ ಸೇವೆಗಾಗಿ ಹುಟ್ಟಿದ ಸಂಸ್ಥೆಯೇ ಇಂದಿನ ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ. ಭಾರತ 1869ರಿಂದ ಅದರ ಸದಸ್ಯ. ಮೂರು–ನಾಲ್ಕು ವರ್ಷಗಳಿಗೊಮ್ಮೆ ಒಕ್ಕೂಟ ನಡೆಸುವ ವಿಶ್ವ ರೇಡಿಯೊ ಸಮ್ಮೇಳನದಲ್ಲಿ ಯಾವ ಪಟ್ಟಿ ಯಾವ ಸೇವೆಗೆ ಎಂಬುದು ತೀರ್ಮಾನವಾಗುತ್ತದೆ. ಜಗತ್ತನ್ನು ಅದು ಮೂರು ವಲಯಗಳಾಗಿ ವಿಂಗಡಿಸಿದೆ. ಭಾರತ ಇರುವುದು ಮೂರನೆಯದರಲ್ಲಿ.

ಭಾರತದೊಳಗೆ ಬಹುಕಾಲ ಆಳಿದ್ದು ಬ್ರಿಟಿಷರ ಎರಡು ಕಾನೂನುಗಳು. 1885ರ ಟೆಲಿಗ್ರಾಫ್ ಕಾಯ್ದೆ ಸಂಪರ್ಕ ಜಾಲ ನಡೆಸುವ ಹಕ್ಕನ್ನು ಸರ್ಕಾರದ ಕೈಯಲ್ಲಿಟ್ಟಿತು. 1933ರ ವೈರ್‌ಲೆಸ್ ಟೆಲಿಗ್ರಫಿ ಕಾಯ್ದೆ ಪರವಾನಗಿ ಇಲ್ಲದೆ ರೇಡಿಯೊ ಸಾಧನ ಇಟ್ಟುಕೊಳ್ಳುವುದನ್ನೇ ಅಪರಾಧ ಮಾಡಿತು. ಮನೆಯ ರೇಡಿಯೊ ಪೆಟ್ಟಿಗೆಗೆ ಅಂಚೆ ಕಚೇರಿಯಲ್ಲಿ ಲೈಸೆನ್ಸ್ ಹಣ ಕಟ್ಟಿದ ನೆನಪು ಹಿರಿಯ ತಲೆಮಾರಿಗೆ ಇನ್ನೂ ಇದೆ. ಆವರ್ತನಗಳ ಹಂಚಿಕೆ ನೋಡಿಕೊಳ್ಳಲು 1952ರಲ್ಲಿ ಒಂದು ಪ್ರತ್ಯೇಕ ವಿಭಾಗ ಹುಟ್ಟಿತು. ದೂರಸಂಪರ್ಕ ಇಲಾಖೆಯಲ್ಲಿರುವ ಈ ನಿಸ್ತಂತು ಯೋಜನೆ ಮತ್ತು ಸಮನ್ವಯ ವಿಭಾಗವೇ ಇಂದಿಗೂ ರಾಷ್ಟ್ರೀಯ ಆವರ್ತನ ಹಂಚಿಕೆ ಯೋಜನೆಯನ್ನು ರೂಪಿಸುತ್ತದೆ. ಸೇನೆ, ಇಸ್ರೊ, ಆಕಾಶವಾಣಿ, ರೈಲ್ವೆ, ಮೊಬೈಲ್ ಕಂಪನಿ ಯಾರು ಯಾವ ಪಟ್ಟಿಯಲ್ಲಿರಬೇಕೆಂಬ ಆ ದಾಖಲೆ ಸಾಮಾನ್ಯ ಓದುಗರ ಕಣ್ಣಿಗೆ ಬೀಳುವುದು ಅಪರೂಪ, ಆದರೆ ದಿನವೂ ಅವರ ಕೈಯಲ್ಲಿರುವ ಫೋನಿನ ಹಣೆಬರಹ ಇರುವುದು ಅದರಲ್ಲೇ.

ಅಲೆಗಳು ಯಾರ ಸ್ವತ್ತು ಎಂಬ ಪ್ರಶ್ನೆಗೆ ಉತ್ತರ ಬಂದದ್ದು ಕ್ರಿಕೆಟ್ಟಿನ ನೆಪದಲ್ಲಿ. 1993ರ ಹೀರೊ ಕಪ್ ಪಂದ್ಯಗಳ ಪ್ರಸಾರ ಹಕ್ಕನ್ನು ಬಂಗಾಳ ಕ್ರಿಕೆಟ್ ಸಂಸ್ಥೆ ವಿದೇಶಿ ಕಂಪನಿಯೊಂದಕ್ಕೆ ಕೊಟ್ಟಾಗ ದೂರದರ್ಶನದೊಂದಿಗೆ ತಕರಾರು ಎದ್ದಿತು. ಮೊಕದ್ದಮೆ ಸುಪ್ರೀಂ ಕೋರ್ಟಿಗೆ ಹೋಯಿತು. 1995ರ ಫೆಬ್ರುವರಿಯಲ್ಲಿ ನ್ಯಾಯಾಲಯ, ಅಲೆಗಳು ಸಾರ್ವಜನಿಕ ಸ್ವತ್ತು, ಅವುಗಳ ಬಳಕೆಯನ್ನು ಸಾರ್ವಜನಿಕ ಹಿತಕ್ಕಾಗಿ ಸಾರ್ವಜನಿಕ ಪ್ರಾಧಿಕಾರವೊಂದು ನಿಯಂತ್ರಿಸಬೇಕು ಎಂದು ತೀರ್ಪಿತ್ತಿತು. ಸರ್ಕಾರ ಒಡೆಯನಲ್ಲ, ಜನರ ಪರವಾಗಿ ಕಾಯುವವನು ಎಂಬ ಅರ್ಥ ಅಲ್ಲಿಂದ ಬಂತು.

ತೀರ್ಪು ಬಂದರೂ ಜನರ ಕೈಗೆ ಅಲೆ ಸುಲಭವಾಗಿ ಸಿಗಲಿಲ್ಲ. ಕೋಲಾರ ಜಿಲ್ಲೆಯ ಬೂದಿಕೋಟೆಯಲ್ಲಿ ಹಳ್ಳಿಯ ಜನರೇ ‘ನಮ್ಮ ಧ್ವನಿ’ ಎಂಬ ಬಾನುಲಿ ಕಟ್ಟಿದಾಗ ಸಮುದಾಯ ಸಂಸ್ಥೆಗಳಿಗೆ ಪ್ರಸಾರದ ಪರವಾನಗಿ ಕೊಡುವ ನಿಯಮವೇ ಇರಲಿಲ್ಲ. ಆಕಾಶ ಬಳಸುವಂತಿರಲಿಲ್ಲವಾದ್ದರಿಂದ ಅವರ ಕಾರ್ಯಕ್ರಮಗಳು ಕೇಬಲ್ ತಂತಿಯ ಮೂಲಕ ಮನೆಗಳಿಗೆ ಹೋದವು. 2002ರ ಕೊನೆಯಲ್ಲಿ ಶಿಕ್ಷಣ ಸಂಸ್ಥೆಗಳಿಗೆ, 2006ರ ನವೆಂಬರ್‌ನಲ್ಲಿ ಸ್ವಯಂಸೇವಾ ಸಂಸ್ಥೆಗಳಿಗೆ ಸಮುದಾಯ ಬಾನುಲಿಯ ಬಾಗಿಲು ತೆರೆಯಿತು. ಸಾರ್ವಜನಿಕ ಸ್ವತ್ತು ಎಂಬ ಮಾತು ಕಾಗದದಿಂದ ಹಳ್ಳಿಗೆ ಇಳಿಯಲು ಹನ್ನೊಂದು ವರ್ಷಕ್ಕೂ ಹೆಚ್ಚು ಬೇಕಾಯಿತು.

ತೀರ್ಪು ಬಂದ 1995ರಲ್ಲೇ, ಜುಲೈ 31ರಂದು ಪಶ್ಚಿಮ ಬಂಗಾಳದ ಮುಖ್ಯಮಂತ್ರಿ ಜ್ಯೋತಿ ಬಸು ಕಲ್ಕತ್ತೆಯಿಂದ ದೆಹಲಿಯಲ್ಲಿದ್ದ ಸಂಪರ್ಕ ಸಚಿವ ಸುಖ್ ರಾಮ್ ಅವರಿಗೆ ದೇಶದ ಮೊದಲ ಮೊಬೈಲ್ ಕರೆ ಮಾಡಿದರು. ಆಗ ತರಂಗಾಂತರಕ್ಕೆ ಬೇರೆ ಬೆಲೆ ಇರಲಿಲ್ಲ. ಸೇವೆಯ ಪರವಾನಗಿ ಪಡೆದವರಿಗೆ ಅದರ ಜೊತೆಗೇ ಬರುತ್ತಿತ್ತು. ಕಂಪನಿಗಳು ಪೈಪೋಟಿಯಲ್ಲಿ ಕೂಗಿದ ಪರವಾನಗಿ ಶುಲ್ಕ ಕಟ್ಟಲಾಗದೆ ಸೋತವು. 1997ರಲ್ಲಿ ನಿಯಂತ್ರಣ ಪ್ರಾಧಿಕಾರವಾಗಿ ಟ್ರಾಯ್ ಬಂತು. 1999ರ ಹೊಸ ದೂರಸಂಪರ್ಕ ನೀತಿ ಆ ನಿಗದಿತ ಶುಲ್ಕವನ್ನು ಕೈಬಿಟ್ಟು, ಗಳಿಕೆಯಲ್ಲಿ ಸರ್ಕಾರಕ್ಕೆ ಪಾಲು ಕೊಡುವ ಪದ್ಧತಿ ತಂದಿತು. ಕರೆಯ ದರ ಕುಸಿದು ಮೊಬೈಲ್ ಬಡವರ ಕೈಗೆ ಬಂದದ್ದು ಅದರ ನಂತರ. ಈ ತಿರುವು ಸಾಕಷ್ಟು ಗಮನ ಪಡೆದಿಲ್ಲ. ಮುಂಗಡ ಮೊತ್ತ ತಗ್ಗಿಸಿ, ಬಳಕೆ ಹೆಚ್ಚಿದಂತೆ ಪಾಲು ಪಡೆಯುವ ದಾರಿ ಒಮ್ಮೆ ಗೆದ್ದು ತೋರಿಸಿದ್ದು ಇಲ್ಲೇ.

ಬಳಕೆದಾರರು ಬೆಳೆದಂತೆ ತರಂಗಾಂತರ ಅಪರೂಪವಾಯಿತು. ಪರವಾನಗಿಯ ಜೊತೆ ಕೊಟ್ಟುಬಿಡುವ ಪದ್ಧತಿ ಮಾತ್ರ ಹಾಗೆಯೇ ಉಳಿಯಿತು. 2008ರ ಜನವರಿ 10ರಂದು ದೂರಸಂಪರ್ಕ ಇಲಾಖೆ ಮೊದಲು ಬಂದವರಿಗೆ ಮೊದಲು ಎಂಬ ನೆಲೆಯಲ್ಲಿ 122 ಪರವಾನಗಿಗಳಿಗೆ ದಾರಿ ಮಾಡಿಕೊಟ್ಟಿತು. ಇಡೀ ದೇಶದ ಪರವಾನಗಿಗೆ ಪಡೆದದ್ದು 2001ರಲ್ಲಿ ನಿಗದಿಯಾಗಿದ್ದ 1,658 ಕೋಟಿ ರೂಪಾಯಿ. ಅರ್ಜಿಗೆ ಹಿಂದಿನ ವರ್ಷದ ಅಕ್ಟೋಬರ್ 1 ಕೊನೆಯ ದಿನವೆಂದು ಪ್ರಕಟಿಸಿ, ನಂತರ ಸೆಪ್ಟೆಂಬರ್ 25ರವರೆಗೆ ಬಂದ ಅರ್ಜಿಗಳನ್ನಷ್ಟೇ ಪರಿಗಣಿಸಲಾಗಿತ್ತು. 2010ರ ನವೆಂಬರ್‌ನಲ್ಲಿ ಮಹಾಲೇಖಪಾಲರ ವರದಿ ಸಂಭಾವ್ಯ ನಷ್ಟವನ್ನು ಬೇರೆ ಬೇರೆ ವಿಧಾನಗಳಲ್ಲಿ ಲೆಕ್ಕಹಾಕಿತು. ಕನಿಷ್ಠ ಅಂದಾಜು 57,666 ಕೋಟಿ ರೂಪಾಯಿ, ಗರಿಷ್ಠ 1,76,645 ಕೋಟಿ. ಜನರ ನೆನಪಿನಲ್ಲಿ ಉಳಿದದ್ದು ಗರಿಷ್ಠ ಅಂಕಿ ಮಾತ್ರ. 2012ರ ಫೆಬ್ರುವರಿ 2ರಂದು ಸುಪ್ರೀಂ ಕೋರ್ಟ್ ಎಲ್ಲ 122 ಪರವಾನಗಿಗಳನ್ನೂ ರದ್ದುಮಾಡಿತು. ಕ್ರಿಮಿನಲ್ ಮೊಕದ್ದಮೆಯಲ್ಲಿ ದೆಹಲಿಯ ವಿಶೇಷ ನ್ಯಾಯಾಲಯ 2017ರ ಡಿಸೆಂಬರ್‌ನಲ್ಲಿ ಆರೋಪಿಗಳನ್ನೆಲ್ಲ ಖುಲಾಸೆ ಮಾಡಿತು. ಹಂಚಿಕೆಯ ವಿಧಾನ ತಪ್ಪು ಎಂಬುದು ಒಂದು ಪ್ರಶ್ನೆ, ಅಪರಾಧ ಸಾಬೀತಾಯಿತೇ ಎಂಬುದು ಇನ್ನೊಂದು. ಎರಡನ್ನೂ ಬೆರೆಸದೆ ನೋಡಬೇಕು.

ಹರಾಜಿನ ವಿಚಾರ ಅಷ್ಟರಲ್ಲಿ ಜಗತ್ತಿಗೆ ಹಳೆಯದಾಗಿತ್ತು. ಅಧಿಕಾರಿಗಳು ಯೋಗ್ಯರನ್ನು ಆರಿಸುವ ಬದಲು ಬೆಲೆಯೇ ಆರಿಸಲಿ ಎಂದು ಅರ್ಥಶಾಸ್ತ್ರಜ್ಞ ರೊನಾಲ್ಡ್ ಕೋಸ್ 1959ರಲ್ಲೇ ವಾದಿಸಿದ್ದರು. ಅಮೆರಿಕ ಅದನ್ನು ಜಾರಿಗೆ ತಂದದ್ದು 1994ರಲ್ಲಿ. ಪಾಲ್ ಮಿಲ್‌ಗ್ರಾಮ್ ಮತ್ತು ರಾಬರ್ಟ್ ವಿಲ್ಸನ್ ರೂಪಿಸಿದ ವಿಧಾನದಲ್ಲಿ ಎಲ್ಲ ಪ್ರದೇಶಗಳ ಎಲ್ಲ ತುಂಡುಗಳೂ ಒಟ್ಟಿಗೇ ಹರಾಜಿಗೆ ಬರುತ್ತವೆ, ಕೂಗು ಸುತ್ತು ಸುತ್ತಾಗಿ ಏರುತ್ತದೆ, ಬೇಡಿಕೆ ನಿಂತಾಗ ಎಲ್ಲವೂ ಒಟ್ಟಿಗೇ ಮುಗಿಯುತ್ತದೆ. 2020ರಲ್ಲಿ ಅವರಿಬ್ಬರಿಗೂ ನೊಬೆಲ್ ಪ್ರಶಸ್ತಿ ಬಂತು. ಭಾರತ 2010ರಲ್ಲಿ 3ಜಿ ಹರಾಜನ್ನು ಇದೇ ಬಗೆಯಲ್ಲಿ ನಡೆಸಿತು. 34 ದಿನ, 183 ಸುತ್ತು ನಡೆದ ಕೂಗಿನಲ್ಲಿ 67,000 ಕೋಟಿ ರೂಪಾಯಿಗೂ ಹೆಚ್ಚು ಬಂತು. ಸೇವೆಗಾಗಿ ದೇಶವನ್ನು ವಿಂಗಡಿಸಿದ ದೂರಸಂಪರ್ಕ ವೃತ್ತಗಳಲ್ಲಿ ಕರ್ನಾಟಕದ 5 ಮೆಗಾಹರ್ಟ್ಸ್ ತುಂಡಿಗೆ ಸಿಕ್ಕಿದ್ದು ಸುಮಾರು 1,580 ಕೋಟಿ. ದೇಶದಲ್ಲಿ ದೆಹಲಿ, ಮುಂಬೈ ಬಿಟ್ಟರೆ ಅತಿ ದುಬಾರಿ ವೃತ್ತ ಇದೇ ಆಗಿತ್ತು.

ಎರಡೇ ವರ್ಷದಲ್ಲಿ ಚಿತ್ರ ಬದಲಾಯಿತು. ರದ್ದಾದ ಪರವಾನಗಿಗಳ ತರಂಗಾಂತರವನ್ನು 2012ರ ನವೆಂಬರ್‌ನಲ್ಲಿ ಹರಾಜಿಗಿಟ್ಟಾಗ ಇಡೀ ದೇಶದ 5 ಮೆಗಾಹರ್ಟ್ಸ್‌ಗೆ ಸರ್ಕಾರ ನಿಗದಿ ಮಾಡಿದ ಮೂಲಬೆಲೆ 14,000 ಕೋಟಿ ರೂಪಾಯಿ. 3ಜಿ ಹರಾಜಿನ ಉಬ್ಬಿದ ದರಗಳ ನೆರಳು ಆ ಲೆಕ್ಕದ ಮೇಲಿತ್ತು. ಕರ್ನಾಟಕ, ದೆಹಲಿ, ಮುಂಬೈ, ರಾಜಸ್ಥಾನಗಳ 1800 ಮೆಗಾಹರ್ಟ್ಸ್ ಪಟ್ಟಿಗೆ ಒಬ್ಬರೂ ಕೂಗಲಿಲ್ಲ. ಒಟ್ಟು ಬಂದದ್ದು ಸುಮಾರು 9,400 ಕೋಟಿ. 2013ರ ಮಾರ್ಚ್‌ನಲ್ಲಿ ಈ ನಾಲ್ಕು ವೃತ್ತಗಳ ಬೆಲೆ ಶೇ 30ರಷ್ಟು ಇಳಿಸಿದರೂ ಆ ಪಟ್ಟಿಗೆ ಯಾರೂ ಬರಲಿಲ್ಲ. ಬೆಲೆ ಇನ್ನಷ್ಟು ಇಳಿದು 2014ರ ಫೆಬ್ರುವರಿಯಲ್ಲಿ ಮತ್ತೆ ಹರಾಜಾದಾಗ ದೇಶದಾದ್ಯಂತ 61,000 ಕೋಟಿ ರೂಪಾಯಿಗೂ ಹೆಚ್ಚು ಬಂತು. ಹರಾಜು ಬೆಲೆಯನ್ನು ಕಂಡುಹಿಡಿಯುವ ಸಾಧನ; ಆ ಬೆಲೆಯನ್ನು ಸರ್ಕಾರವೇ ಮೊದಲು ಎತ್ತರದಲ್ಲಿ ಕಟ್ಟಿಹಾಕಿದರೆ ಕಂಡುಹಿಡಿಯಲು ಏನೂ ಉಳಿಯುವುದಿಲ್ಲ.

ಇದಕ್ಕಿಂತ ನೋವಿನ ಉದಾಹರಣೆ 700 ಮೆಗಾಹರ್ಟ್ಸ್ ಪಟ್ಟಿಯದು. ಹಳ್ಳಿಗಳನ್ನು, ಕಟ್ಟಡಗಳ ಒಳಭಾಗವನ್ನು ಮುಟ್ಟಲು ಇದಕ್ಕಿಂತ ಒಳ್ಳೆಯ ಪಟ್ಟಿ ಮೊಬೈಲ್ ಸೇವೆಗೆ ಕಡಿಮೆ. 2016ರಲ್ಲಿ ಇದನ್ನು ಮೊದಲ ಸಲ ಹರಾಜಿಗಿಟ್ಟಾಗ ಪ್ರತಿ ಮೆಗಾಹರ್ಟ್ಸ್‌ಗೆ ಮೂಲಬೆಲೆ 11,485 ಕೋಟಿ ರೂಪಾಯಿ. ಒಂದು ತುಂಡೂ ಮಾರಾಟವಾಗಲಿಲ್ಲ. 2021ರಲ್ಲಿ ಬೆಲೆ 6,568 ಕೋಟಿಗೆ ಇಳಿಯಿತು; ಆಗಲೂ ಇಲ್ಲ. 2022ರಲ್ಲಿ 3,927 ಕೋಟಿಗೆ ಇಳಿದಾಗ ರಿಲಯನ್ಸ್ ಜಿಯೊ ಎಲ್ಲ 22 ವೃತ್ತಗಳಲ್ಲೂ 10 ಮೆಗಾಹರ್ಟ್ಸ್ ಕೊಂಡಿತು. ಆರು ವರ್ಷ ಹಳ್ಳಿಗೆ ಹೇಳಿಮಾಡಿಸಿದಂಥ ಆ ಪಟ್ಟಿ ಖಾಲಿ ಬಿದ್ದಿತ್ತು. ಆ ನಡುವೆಯೇ 2020ರ ಕೊರೊನಾ ಕಾಲ ಬಂತು, ಮಲೆನಾಡಿನ ಕಾಡಂಚಿನ ಊರುಗಳ ಮಕ್ಕಳು ಆನ್‌ಲೈನ್ ಪಾಠಕ್ಕಾಗಿ ಸಿಗ್ನಲ್ ಹುಡುಕುತ್ತ ಗುಡ್ಡ ಹತ್ತಿದರು. ಆ ಒಂದು ಪಟ್ಟಿ ಬಳಕೆಯಲ್ಲಿದ್ದರೆ ಎಲ್ಲ ಊರಿಗೂ ಸಿಗ್ನಲ್ ಬರುತ್ತಿತ್ತು ಎನ್ನಲಾಗದು. ಗೋಪುರ, ವಿದ್ಯುತ್, ಗಿರಾಕಿಗಳ ಸಂಖ್ಯೆ ಎಲ್ಲವೂ ಲೆಕ್ಕಕ್ಕೆ ಬರುತ್ತವೆ. ಆದರೂ ಖಜಾನೆಗೆ ಆರು ವರ್ಷ ಬಿಡಿಗಾಸೂ ತರದೆ, ಜನರಿಗೂ ಒದಗದೆ ಹೋದ ಆ ಕಾಲಕ್ಕೆ ನ್ಯಾಯವಾದ ಸಮರ್ಥನೆ ಸಿಗುವುದು ಕಷ್ಟ.

ದುಬಾರಿ ತರಂಗಾಂತರದ ಭಾರ ಕಂಪನಿಗಳ ಸಾಲದಲ್ಲಿ ಕಾಣಿಸಿತು. ಸಾಲದ ಬಡ್ಡಿಗೆ ಹೋದ ಹಣ ಗೋಪುರಕ್ಕೆ ಬರಲಿಲ್ಲ. 2016ರ ಸೆಪ್ಟೆಂಬರ್‌ನಲ್ಲಿ ಜಿಯೊ ಅಗ್ಗದ ಡೇಟಾದೊಂದಿಗೆ ಬಂದ ನಂತರದ ದರಸಮರ, 2019ರ ಅಕ್ಟೋಬರ್‌ನಲ್ಲಿ ಕಂಪನಿಗಳ ಒಟ್ಟಾರೆ ವರಮಾನದ ಲೆಕ್ಕದ ಬಗ್ಗೆ ಸುಪ್ರೀಂ ಕೋರ್ಟ್ ಸರ್ಕಾರದ ಪರ ಕೊಟ್ಟ ತೀರ್ಪು ಎರಡೂ ಸೇರಿ ಹಲವರನ್ನು ಅಖಾಡದಿಂದ ಹೊರಹಾಕಿದವು. ಕೆಲವು ವೃತ್ತಗಳಲ್ಲಿ ಹತ್ತಕ್ಕೂ ಹೆಚ್ಚು ಕಂಪನಿಗಳಿದ್ದ ಕಾಲ ಹೋಗಿ, ಉಳಿದದ್ದು ಮೂರು ಖಾಸಗಿ ಕಂಪನಿಗಳು ಮತ್ತು ಬಿಎಸ್‌ಎನ್‌ಎಲ್. 2021ರ ಸೆಪ್ಟೆಂಬರ್‌ನಲ್ಲಿ ಕೇಂದ್ರ ಸರ್ಕಾರ ಬಾಕಿ ಪಾವತಿಗೆ ನಾಲ್ಕು ವರ್ಷದ ವಿರಾಮ ಕೊಟ್ಟು, ಮುಂದಿನ ಹರಾಜುಗಳ ತರಂಗಾಂತರಕ್ಕೆ ವಾರ್ಷಿಕ ಬಳಕೆ ಶುಲ್ಕವನ್ನು ಕೈಬಿಟ್ಟು, ಅವಧಿಯನ್ನು 20ರಿಂದ 30 ವರ್ಷಕ್ಕೆ ಏರಿಸುವುದಾಗಿ ಪ್ರಕಟಿಸಿತು. ವೊಡಾಫೋನ್ ಐಡಿಯಾದ ಬಾಕಿಯನ್ನು ಷೇರುಗಳಾಗಿ ಬದಲಿಸುತ್ತ ಹೋಗಿ 2025ರ ಏಪ್ರಿಲ್‌ಗೆ ಸರ್ಕಾರವೇ ಅದರ ಶೇ 48.99ರ ಪಾಲುದಾರನಾಯಿತು. ಹರಾಜಿನ ದೊಡ್ಡ ಮೊತ್ತಗಳ ಒಂದು ಭಾಗ ಹೀಗೆ ಸುತ್ತುಬಳಸಿ ಕಾಗದಪತ್ರವಾಗಿ ಸರ್ಕಾರಕ್ಕೇ ಮರಳಿತು.

2022ರ 5ಜಿ ಹರಾಜು ಈ ಪಾಠಗಳ ನಂತರದ್ದು. ಏಳು ದಿನ, 40 ಸುತ್ತು. ಇಟ್ಟಿದ್ದ 72,098 ಮೆಗಾಹರ್ಟ್ಸ್‌ನಲ್ಲಿ 51,236 ಮಾರಾಟವಾಗಿ 1,50,173 ಕೋಟಿ ರೂಪಾಯಿಯ ಲೆಕ್ಕವಾಯಿತು. ಮುಂಗಡ ಕಡ್ಡಾಯವಿರಲಿಲ್ಲ, 20 ವಾರ್ಷಿಕ ಕಂತುಗಳಲ್ಲಿ ಕಟ್ಟುವ ಅವಕಾಶವಿತ್ತು. ಅಕ್ಟೋಬರ್ 1ರಂದು ಸೇವೆ ಆರಂಭವಾಗಿ ವೇಗವಾಗಿ ಹರಡಿತು. ದೇಶದ 5ಜಿ ಬಹುಪಾಲು ನಡೆಯುವುದು 3.3 ಗಿಗಾಹರ್ಟ್ಸ್ ಸುತ್ತಲಿನ ನಡುಪಟ್ಟಿಯಲ್ಲಿ. 26 ಗಿಗಾಹರ್ಟ್ಸ್‌ನ ಬಳಕೆ ಇನ್ನೂ ತೆಳು. ಇಂಥ ಕಿರು ಅಲೆಗಳನ್ನು ಜಗದೀಶಚಂದ್ರ ಬೋಸ್ 1895ರಲ್ಲೇ ಕಲ್ಕತ್ತೆಯಲ್ಲಿ ಉತ್ಪಾದಿಸಿ ತೋರಿಸಿದ್ದರು ಎಂಬುದು ನೆನೆಯತಕ್ಕ ಸಂಗತಿ. 2024ರ ಜೂನ್‌ನಲ್ಲಿ ಮತ್ತೆ ಹರಾಜು ನಡೆದಾಗ ಬಂದದ್ದು 11,340 ಕೋಟಿ ರೂಪಾಯಿ ಮಾತ್ರ. ಬೇಕಾದಷ್ಟನ್ನು ಕಂಪನಿಗಳು ಆಗಲೇ ಕೊಂಡಾಗಿತ್ತು.

ಹರಾಜು, ಪರವಾನಗಿ ಎರಡೂ ಇಲ್ಲದೆ ಹಬ್ಬಿದ ತಂತ್ರಜ್ಞಾನವೂ ಇದೆ. ಅಮೆರಿಕದ ಸಂವಹನ ಆಯೋಗ 1985ರಲ್ಲಿ, ಮೈಕ್ರೋವೇವ್ ಒಲೆಗಳ ಗದ್ದಲದಿಂದಾಗಿ ಬೇರೆ ಯಾರಿಗೂ ಅಷ್ಟಾಗಿ ಬೇಡವಾಗಿದ್ದ 2.4 ಗಿಗಾಹರ್ಟ್ಸ್‌ನಂಥ ಪಟ್ಟಿಗಳನ್ನು ಕಡಿಮೆ ಶಕ್ತಿಯ ಸಾಧನಗಳಿಗೆ ಮುಕ್ತವಾಗಿ ಬಿಟ್ಟಿತು. ಅಲ್ಲಿ ವೈಫೈ, ಬ್ಲೂಟೂತ್ ಬೆಳೆದವು. ಭಾರತ 2.4 ಗಿಗಾಹರ್ಟ್ಸ್ ಪಟ್ಟಿಯನ್ನು 2005ರಲ್ಲಿ, 5 ಗಿಗಾಹರ್ಟ್ಸ್‌ನಲ್ಲಿ ಒಟ್ಟು 605 ಮೆಗಾಹರ್ಟ್ಸ್ ಅನ್ನು 2018ರಲ್ಲಿ ಪರವಾನಗಿಯಿಂದ ಬಿಡುಗಡೆ ಮಾಡಿತು. ಖಜಾನೆಗೆ ಇದರಿಂದ ನೇರವಾಗಿ ಒಂದು ರೂಪಾಯಿಯೂ ಇಲ್ಲ. ಆದರೆ ಮನೆ, ಅಂಗಡಿ, ಆಸ್ಪತ್ರೆ, ರೈಲು ನಿಲ್ದಾಣಗಳಲ್ಲಿ ಇದು ದಿನವೂ ಎಷ್ಟು ಕೆಲಸ ಮಾಡುತ್ತಿದೆ ಎಂಬುದನ್ನು ಯಾರೂ ಬಿಡಿಸಿ ಹೇಳಬೇಕಿಲ್ಲ.

ಇತ್ತೀಚಿನ ತಕರಾರು 6 ಗಿಗಾಹರ್ಟ್ಸ್ ಪಟ್ಟಿಯದು. ಅಮೆರಿಕ 2020ರಲ್ಲಿ 5,925ರಿಂದ 7,125 ಮೆಗಾಹರ್ಟ್ಸ್‌ವರೆಗಿನ 1,200 ಮೆಗಾಹರ್ಟ್ಸ್ ಅನ್ನೂ ವೈಫೈಗೆ ತೆರೆದಿತು. ಚೀನಾ 2023ರಲ್ಲಿ ಪಟ್ಟಿಯ ಮೇಲಿನ 700 ಮೆಗಾಹರ್ಟ್ಸ್ ಅನ್ನು ಮೊಬೈಲ್ ಸೇವೆಗೆ ಗೊತ್ತುಮಾಡಿತು. ಭಾರತದಲ್ಲಿ ತಂತ್ರಾಂಶ ಮತ್ತು ಸಾಧನ ಕಂಪನಿಗಳು ವೈಫೈ ಪರ, ಮೊಬೈಲ್ ಕಂಪನಿಗಳು ತಮ್ಮ ಪರ ಹಗ್ಗ ಎಳೆದವು. ಪಟ್ಟಿಯ ಕೆಳಭಾಗದಲ್ಲಿ ಉಪಗ್ರಹಗಳಿಗೆ ಸಂಕೇತ ಕಳಿಸುವ ಸೇವೆಯೂ ಇದೆ. 2025ರ ಮೇನಲ್ಲಿ ದೂರಸಂಪರ್ಕ ಇಲಾಖೆ ಕೆಳಗಿನ 500 ಮೆಗಾಹರ್ಟ್ಸ್ ಅನ್ನು ಕಡಿಮೆ ಶಕ್ತಿಯ ಬಳಕೆಗೆ ಮುಕ್ತಗೊಳಿಸುವ ಕರಡು ನಿಯಮ ಪ್ರಕಟಿಸಿತು. ಮೇಲಿನ 700 ಮೆಗಾಹರ್ಟ್ಸ್ ಮೊಬೈಲ್ ಕಡೆ ವಾಲಿದೆ. ಮಧ್ಯದ ದಾರಿಯೆಂದು ಇದನ್ನು ಒಪ್ಪಬಹುದಾದರೂ ಈ ನಿರ್ಧಾರಕ್ಕೆ ಹಿಡಿದ ವರ್ಷಗಳಲ್ಲಿ ಹೊಸ ವೈಫೈ ಸಾಧನಗಳು ದೇಶದಲ್ಲಿ ತಮ್ಮ ಅರ್ಧ ಶಕ್ತಿಯಲ್ಲೇ ಓಡಿದವು.

ಉಪಗ್ರಹಗಳ ವಿಷಯದಲ್ಲಿ ನಿಯಮ ಬೇರೆ. ಮೊಬೈಲ್ ಗೋಪುರ ಒಂದು ಪ್ರದೇಶದ ಅಲೆಯನ್ನು ತಾನೊಂದೇ ಆಕ್ರಮಿಸಿಕೊಳ್ಳುತ್ತದೆ. ಉಪಗ್ರಹ ಸೇವೆಯಲ್ಲಿ ಆಂಟೆನಾಗಳು ಆಕಾಶದ ಒಂದು ಬಿಂದುವಿನತ್ತ ಮುಖಮಾಡಿರುವುದರಿಂದ ಒಂದೇ ಆವರ್ತನವನ್ನು ಹಲವು ಕಂಪನಿಗಳು ಹೊಂದಾಣಿಕೆಯಿಂದ ಬಳಸಬಲ್ಲವು. ಆದ್ದರಿಂದ ಅದನ್ನು ತುಂಡು ಮಾಡಿ ಒಬ್ಬೊಬ್ಬರಿಗೆ ಹರಾಜು ಹಾಕುವುದು ಜಗತ್ತಿನ ರೂಢಿಯಲ್ಲ. 2024ರಲ್ಲಿ ಈ ವಾದ ಕಾವೇರಿತು. ನೆಲದ ಕಂಪನಿಗಳು ಹರಾಜಿನಲ್ಲಿ ಹಣ ಸುರಿದಿರುವಾಗ ಅದೇ ಗಿರಾಕಿಗೆ ಇಂಟರ್ನೆಟ್ ಮಾರುವ ಉಪಗ್ರಹ ಕಂಪನಿಗೆ ಹರಾಜಿಲ್ಲದೆ ಕೊಡುವುದು ಸರಿಯಲ್ಲ ಎಂದು ಒಂದು ಕಡೆ. ಹಂಚಿಕೊಂಡು ಬಳಸುವುದನ್ನು ಹರಾಜು ಹಾಕಲಾಗದು ಎಂದು ಇನ್ನೊಂದು ಕಡೆ. ಸರ್ಕಾರ ಎರಡನೆಯ ವಾದವನ್ನು ಒಪ್ಪಿತು. 2025ರ ಮಾರ್ಚ್‌ನಲ್ಲಿ ಏರ್‌ಟೆಲ್, ಜಿಯೊ ಎರಡೂ ಉಪಗ್ರಹ ಇಂಟರ್ನೆಟ್ ಕಂಪನಿ ಸ್ಟಾರ್‌ಲಿಂಕ್ ಜೊತೆ ಒಪ್ಪಂದ ಪ್ರಕಟಿಸಿದವು. ಜೂನ್‌ನಲ್ಲಿ ಸ್ಟಾರ್‌ಲಿಂಕ್‌ಗೆ ಪರವಾನಗಿ ಸಿಕ್ಕಿತು. ಅದಕ್ಕೂ ಮೊದಲು ಮೇ ತಿಂಗಳಲ್ಲಿ ಟ್ರಾಯ್, ಕಂಪನಿಗಳ ವರಮಾನದ ಶೇ 4ರಷ್ಟನ್ನು ತರಂಗಾಂತರ ಶುಲ್ಕವಾಗಿ ಪಡೆಯಬೇಕು, ಕೆಳಕಕ್ಷೆಯ ಸೇವೆಗೆ ನಗರದ ಪ್ರತಿ ಗ್ರಾಹಕನ ಲೆಕ್ಕದಲ್ಲಿ ವರ್ಷಕ್ಕೆ 500 ರೂಪಾಯಿ ಹೆಚ್ಚುವರಿ ವಿಧಿಸಬೇಕು, ಮಂಜೂರಾತಿ ಐದು ವರ್ಷಕ್ಕಿರಬೇಕು ಎಂದು ಶಿಫಾರಸು ಮಾಡಿತ್ತು. ನಗರದಲ್ಲಿ ಶುಲ್ಕ ಹೆಚ್ಚಿಸಿ ಸೇವೆಯನ್ನು ಗೋಪುರವಿಲ್ಲದ ಊರುಗಳತ್ತ ತಿರುಗಿಸುವ ಇಂಗಿತ ಅದರಲ್ಲಿದೆ.

ಈ ಕ್ಷೇತ್ರದಲ್ಲಿ ಬೆಂಗಳೂರಿಗೆ ಕಹಿ ನೆನಪೂ ಇದೆ. ಇಸ್ರೊದ ವಾಣಿಜ್ಯ ಅಂಗ ಆಂಟ್ರಿಕ್ಸ್ 2005ರ ಜನವರಿಯಲ್ಲಿ ಬೆಂಗಳೂರಿನದೇ ದೇವಾಸ್ ಮಲ್ಟಿಮೀಡಿಯಾ ಕಂಪನಿಯೊಂದಿಗೆ ಎರಡು ಉಪಗ್ರಹಗಳ ಸಾಮರ್ಥ್ಯವನ್ನು ಬಾಡಿಗೆಗೆ ಕೊಡುವ ಕರಾರು ಮಾಡಿಕೊಂಡಿತು. ಅದರೊಂದಿಗೆ ಎಸ್ ಬ್ಯಾಂಡಿನ 70 ಮೆಗಾಹರ್ಟ್ಸ್ ತರಂಗಾಂತರವೂ ಹೋಗುತ್ತಿತ್ತು. 2008ರ ಹಂಚಿಕೆಯ 2ಜಿ ವಿವಾದದ ಬಿಸಿಯಲ್ಲಿ, ದೇಶದ ಆಯಕಟ್ಟಿನ ಅಗತ್ಯದ ಕಾರಣ ಕೊಟ್ಟು 2011ರ ಫೆಬ್ರುವರಿಯಲ್ಲಿ ಸರ್ಕಾರ ಅದನ್ನು ರದ್ದುಪಡಿಸಿತು. ವಿದೇಶಿ ಪಂಚಾಯ್ತಿಗಳಲ್ಲಿ ಭಾರತದ ವಿರುದ್ಧ ಭಾರಿ ಮೊತ್ತದ ತೀರ್ಪುಗಳು ಬಂದವು. 2022ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ವಂಚನೆಯ ಕಾರಣಕ್ಕೆ ದೇವಾಸ್ ಕಂಪನಿಯ ಮುಚ್ಚುವಿಕೆಯನ್ನು ಎತ್ತಿಹಿಡಿಯಿತು. ಪಾರದರ್ಶಕ ನಿಯಮವಿಲ್ಲದೆ ಮಾಡಿದ ಒಂದು ಹಂಚಿಕೆ ಎರಡು ದಶಕ ಕಳೆದರೂ ದೇಶವನ್ನು ನ್ಯಾಯಾಲಯಗಳಲ್ಲಿ ಅಲೆದಾಡಿಸಿತು. ಅದೇ ಇಸ್ರೊ 2022ರ ಅಕ್ಟೋಬರ್ ಮತ್ತು 2023ರ ಮಾರ್ಚ್‌ನಲ್ಲಿ ಒನ್‌ವೆಬ್ ಕಂಪನಿಯ 72 ಸಂಪರ್ಕ ಉಪಗ್ರಹಗಳನ್ನು ಎರಡು ಉಡಾವಣೆಗಳಲ್ಲಿ ಕಕ್ಷೆಗೆ ಸೇರಿಸಿತು.

ಚದುರಿದ್ದ ಈ ಅನುಭವಗಳನ್ನು 2023ರ ದೂರಸಂಪರ್ಕ ಕಾಯ್ದೆ ಒಂದು ಕಡೆ ತಂದಿತು. 1885 ಮತ್ತು 1933ರ ಕಾನೂನುಗಳ ಜಾಗಕ್ಕೆ ಬಂದ ಇದರ ಮೊದಲ ಭಾಗಗಳು 2024ರ ಜೂನ್ 26ರಂದು ಜಾರಿಯಾದವು. ತರಂಗಾಂತರ ಹಂಚಿಕೆಗೆ ಹರಾಜೇ ಸಾಮಾನ್ಯ ನಿಯಮ. ಹರಾಜಿಲ್ಲದೆ ಸರ್ಕಾರ ನೇರವಾಗಿ ಕೊಡಬಹುದಾದ ಸೇವೆಗಳನ್ನು ಕಾಯ್ದೆಯ ಮೊದಲ ಅನುಸೂಚಿ ಹೆಸರಿಸುತ್ತದೆ. ರಾಷ್ಟ್ರೀಯ ಭದ್ರತೆ, ವಿಪತ್ತು ನಿರ್ವಹಣೆ, ಹವಾಮಾನ ಮುನ್ಸೂಚನೆ, ಉಪಗ್ರಹ ಸೇವೆಗಳು, ಗೋಪುರಗಳನ್ನು ಜೋಡಿಸುವ ಮೈಕ್ರೋವೇವ್ ಕೊಂಡಿಗಳು, ಬಿಎಸ್‌ಎನ್‌ಎಲ್ ಅದರಲ್ಲಿವೆ. ಎಲ್ಲ ನೈಸರ್ಗಿಕ ಸಂಪನ್ಮೂಲಕ್ಕೂ ಹರಾಜೊಂದೇ ದಾರಿಯಲ್ಲ ಎಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2012ರ ಸೆಪ್ಟೆಂಬರ್‌ನಲ್ಲಿ ರಾಷ್ಟ್ರಪತಿಗಳ ಪ್ರಶ್ನೆಗೆ ಉತ್ತರಿಸಿದ್ದು ಇದಕ್ಕೆ ಬಲ ಕೊಟ್ಟಿತು. ಕಾಯ್ದೆಯ ಅತ್ಯಂತ ಮೌಲಿಕ ಅಂಶ ಬೇರೆಯದು. ಸಕಾರಣವಿಲ್ಲದೆ ಬಳಸದೆ ಬಿಟ್ಟ ತರಂಗಾಂತರವನ್ನು ಸರ್ಕಾರ ಹಿಂಪಡೆಯಬಹುದು. ಹಂಚಿಕೊಂಡು ಬಳಸಲು, ಮಾರಲು, ಗುತ್ತಿಗೆ ಕೊಡಲು ಅವಕಾಶ ಕೊಡಬಹುದು. ಈ ಅಧಿಕಾರ ಕಾಗದದಲ್ಲಿ ಉಳಿಯದೆ, ಯಾವ ಪಟ್ಟಿ ಎಲ್ಲಿ ಖಾಲಿಯಿದೆ ಎಂಬ ಮಾಹಿತಿ ಜನರಿಗೂ ತಿಳಿಯುವಂತೆ ಪ್ರಕಟವಾದರೆ ಮಾತ್ರ ಇದರ ಫಲ ಕಾಣುತ್ತದೆ.

ಬಿಎಸ್‌ಎನ್‌ಎಲ್‌ಗೆ ಹರಾಜಿಲ್ಲದೆ ತರಂಗಾಂತರ ಕೊಡುವುದಕ್ಕೆ ಕಾರಣ ಊರುಗಳು. ಲಾಭ ಬಾರದ ಕಡೆ ಖಾಸಗಿ ಗೋಪುರ ಏಳುವುದಿಲ್ಲ. 2022ರ ಜುಲೈನಲ್ಲಿ ಕೇಂದ್ರ ಸಂಪುಟ ಸಿಗ್ನಲ್ ಇಲ್ಲದ 24,680 ಹಳ್ಳಿಗಳಿಗೆ 4ಜಿ ಒಯ್ಯಲು 26,316 ಕೋಟಿ ರೂಪಾಯಿ ಮಂಜೂರು ಮಾಡಿ ಹೊಣೆಯನ್ನು ಬಿಎಸ್‌ಎನ್‌ಎಲ್‌ಗೆ ವಹಿಸಿತು. ಕಂಪನಿಗಳ ವರಮಾನದಿಂದ ಶೇ 5ರಷ್ಟು ಕೂಡುವ, ಈಗ ಡಿಜಿಟಲ್ ಭಾರತ ನಿಧಿ ಎನಿಸಿಕೊಂಡಿರುವ ನಿಧಿ ಇಂಥ ಕೆಲಸಗಳಿಗಾಗಿಯೇ ಇದೆ. 2025ರ ಸೆಪ್ಟೆಂಬರ್‌ನಲ್ಲಿ ಬಿಎಸ್‌ಎನ್‌ಎಲ್‌ನ ಸ್ವದೇಶಿ 4ಜಿ ಜಾಲ ಲೋಕಾರ್ಪಣೆಯಾಯಿತು. ಅದರ ಗೋಪುರಗಳ ರೇಡಿಯೊ ಉಪಕರಣ ತಯಾರಿಸಿದ್ದು ಬೆಂಗಳೂರಿನ ತೇಜಸ್ ನೆಟ್‌ವರ್ಕ್ಸ್. ಖಾಸಗಿ ಕಂಪನಿಗಳು 4ಜಿ ಕೊಡತೊಡಗಿ ದಶಕವೇ ಕಳೆದ ನಂತರ ಬಂದ ಜಾಲ ಇದು ಎಂಬುದನ್ನೂ ಮರೆಯುವಂತಿಲ್ಲ.

ಹೊಸ ಸೇವೆಗೆ ಜಾಗ ಕೊಡುವಾಗ ಪಕ್ಕದ ಪಟ್ಟಿಯವರ ಹಿತವೂ ಇರುತ್ತದೆ. 2022ರ ಜನವರಿಯಲ್ಲಿ ಅಮೆರಿಕದ 5ಜಿ, ವಿಮಾನಗಳ ಎತ್ತರ ಅಳೆಯುವ ಉಪಕರಣಕ್ಕೆ ಅಡ್ಡಿಯಾದೀತೆಂಬ ಭಯದಿಂದ ಏರ್ ಇಂಡಿಯಾ ಸೇರಿ ಹಲವು ಕಂಪನಿಗಳು ಹಾರಾಟ ರದ್ದುಮಾಡಿದವು. ಆ ಉಪಕರಣ ಇರುವುದು 4.2ರಿಂದ 4.4 ಗಿಗಾಹರ್ಟ್ಸ್‌ನಲ್ಲಿ. ಭಾರತದ 5ಜಿ ಪಟ್ಟಿ 3.67ರಲ್ಲೇ ಮುಗಿಯುತ್ತದೆ, ನಡುವೆ ಅಂತರ ಹೆಚ್ಚು. ಆದರೂ ಅದೇ ವರ್ಷ ನವೆಂಬರ್‌ನಲ್ಲಿ ದೂರಸಂಪರ್ಕ ಇಲಾಖೆ ರನ್‌ವೇ ತುದಿಗಳಿಂದ 2.1 ಕಿಲೋಮೀಟರ್ ಒಳಗೆ ಈ ಪಟ್ಟಿಯ ಗೋಪುರ ಬೇಡವೆಂದು ಸೂಚಿಸಿತು. ನೀರಾವಿ ಸುಮಾರು 23.8 ಗಿಗಾಹರ್ಟ್ಸ್‌ನಲ್ಲಿ ಹೊಮ್ಮಿಸುವ ಕ್ಷೀಣ ಸಂಕೇತವನ್ನು ಓದಿ ಉಪಗ್ರಹಗಳು ವಾತಾವರಣದ ತೇವ ತಿಳಿಯುತ್ತವೆ. ಆ ಸಂಕೇತದ ಜಾಗವನ್ನು ಪ್ರಕೃತಿ ಗೊತ್ತುಮಾಡಿದೆ, ಯಾವ ಸರ್ಕಾರವೂ ಬದಲಿಸಲಾರದು. ಆದ್ದರಿಂದ 2019ರ ವಿಶ್ವ ಸಮ್ಮೇಳನ 24.25 ಗಿಗಾಹರ್ಟ್ಸ್‌ನಿಂದ ಆರಂಭವಾಗುವ 5ಜಿ ಪಟ್ಟಿಯ ಸೋರಿಕೆಗೆ ಮಿತಿ ಹಾಕಿತು. ಮುಂಗಾರನ್ನೇ ನಂಬಿದ ದೇಶಕ್ಕೆ ಈ ಮಿತಿ ಸಣ್ಣ ಸಂಗತಿಯಲ್ಲ. ಚಿಕ್ಕಬಳ್ಳಾಪುರ ಜಿಲ್ಲೆಯ ಗೌರಿಬಿದನೂರಿನಲ್ಲಿ 34.5 ಮೆಗಾಹರ್ಟ್ಸ್‌ನ ಅಲೆಗಳಿಗಾಗಿ ಕಟ್ಟಿದ ರೇಡಿಯೊ ದೂರದರ್ಶಕದಂಥ ವೀಕ್ಷಣಾಲಯಗಳಿಗೂ ಇದೇ ಕಾಳಜಿ. ನಕ್ಷತ್ರಲೋಕದಿಂದ ಬರುವ ಸಂಕೇತ ಎಷ್ಟು ದುರ್ಬಲವೆಂದರೆ ಹತ್ತಿರದ ಯಾವುದೇ ಮಾನವ ಪ್ರಸಾರ ಅದನ್ನು ಮುಳುಗಿಸಿಬಿಡುತ್ತದೆ.

ಮುಂದಿನ ತಲೆಮಾರಿನ 6ಜಿಯ ಚೌಕಟ್ಟನ್ನು ಅಂತರರಾಷ್ಟ್ರೀಯ ಒಕ್ಕೂಟ 2023ರಲ್ಲಿ ಒಪ್ಪಿತು. ಎಲ್ಲೆಡೆ ತಲುಪುವ ಸಂಪರ್ಕವೂ ಅದರ ಉದ್ದೇಶಗಳಲ್ಲೊಂದು. ಅದೇ ವರ್ಷ ಮಾರ್ಚ್‌ನಲ್ಲಿ ಭಾರತ ತನ್ನ 6ಜಿ ಮುನ್ನೋಟ ಪ್ರಕಟಿಸಿ 2030ರ ಗುರಿ ಇಟ್ಟುಕೊಂಡಿತು. ಪ್ರಯೋಗಕ್ಕೆ ತಾಣಗಳೂ ಬೇಕು. ಐಐಟಿ ಮದ್ರಾಸ್ ನೇತೃತ್ವದಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೂ ಸೇರಿ ಎಂಟು ಸಂಸ್ಥೆಗಳು ಕಟ್ಟಿದ 5ಜಿ ಪರೀಕ್ಷಾ ತಾಣ 2022ರ ಮೇನಲ್ಲಿ ಬಳಕೆಗೆ ಬಂದಿತ್ತು. ಸೀಮಿತ ಜಾಗದಲ್ಲಿ ಹೊಸ ತಂತ್ರಗಳನ್ನು ಪರೀಕ್ಷಿಸಲು ತರಂಗಾಂತರ ಕೊಡುವ ಮಾರ್ಗಸೂಚಿ 2024ರಲ್ಲಿ ಬಂತು. 6ಜಿಗೆ ಯಾವ ಪಟ್ಟಿ ಎಂಬುದು 2027ರ ವಿಶ್ವ ರೇಡಿಯೊ ಸಮ್ಮೇಳನದ ಮುಂದಿದೆ. 4.4ರಿಂದ 4.8, 7.125ರಿಂದ 8.4 ಮತ್ತು 14.8ರಿಂದ 15.35 ಗಿಗಾಹರ್ಟ್ಸ್ ಪಟ್ಟಿಗಳು ಅಧ್ಯಯನದಲ್ಲಿವೆ. ಇಂಥ ಪಟ್ಟಿಗಳಲ್ಲಿ ಉಪಗ್ರಹ, ರೇಡಾರ್, ಸೇನೆಯ ಹಳೆಯ ವಾಸಿಗಳಿರುತ್ತಾರೆ. ಅವರನ್ನು ಸ್ಥಳಾಂತರಿಸಲು ಹಣ, ಪರ್ಯಾಯ ವ್ಯವಸ್ಥೆ, ವರ್ಷಗಳ ಕಾಲಾವಕಾಶ ಬೇಕು. ಹಿಂದೆ ಸೇನೆಗೆ ಪ್ರತ್ಯೇಕ ಆಪ್ಟಿಕಲ್ ಫೈಬರ್ ಜಾಲ ಕಟ್ಟಿಕೊಟ್ಟು ಮೊಬೈಲ್ ಸೇವೆಗೆ ಜಾಗ ಬಿಡಿಸಿಕೊಂಡದ್ದು ಹೀಗೆಯೇ. ಯಾವ ಪಟ್ಟಿಯನ್ನು ಎಷ್ಟು ಬೇಗ ಬಿಡಿಸಬಹುದು, ಎಷ್ಟನ್ನು ಹಂಚಿಕೊಂಡು ಬಳಸಬಹುದು, ಮೂಲಬೆಲೆಯನ್ನು ಎಲ್ಲಿ ನಿಲ್ಲಿಸಬೇಕು ಎಂಬ ಲೆಕ್ಕವನ್ನು ಸಮ್ಮೇಳನಕ್ಕೆ ಮುನ್ನವೇ ಇಲಾಖೆ, ಟ್ರಾಯ್ ಮತ್ತು ಇಸ್ರೊ ಕೂತು ಮಾಡಬೇಕಿದೆ.